ಮೈಕ್ ಸೆಟ್ಟಿನವನ ಲೆಕ್ಕ

ಮೂವತ್ತು ವರ್ಷದಿಂದ ನಾನು ಕೂರೋದು ವೇದಿಕೆಯ ಪಕ್ಕ,
ಆಂಪ್ಲಿಫೈಯರ್ ಹಿಂದೆ, ಕಂಬಕ್ಕೆ ಒರಗಿ.
ಅಲ್ಲಿಂದ ಭಾಷಣಕಾರರ ಬೆನ್ನು ಕಾಣುತ್ತದೆ,
ಬೆವರಿಗೆ ಅಂಟಿದ ಷರಟು,
ಹಿಂದೆ ಕಟ್ಟಿದ ಕೈಯಲ್ಲಿ ಮಡಿಸಿದ ಚೀಟಿ.
ಜನರ ಮುಖ ಮಾತ್ರ ಪೂರಾ ನನಗೇ.

ಮಳವಳ್ಳಿಯಲ್ಲಿ ಅಂಗಡಿ, ಮಂಟೇಸ್ವಾಮಿ ಸೌಂಡ್ಸ್.
ಮದುವೆ, ಸಂಘದ ಸಭೆ, ಎಲೆಕ್ಷನ್ನು,
ಎಲ್ಲಕ್ಕೂ ಒಂದೇ ಬಾಡಿಗೆ, ಜನರೇಟರಿಗೆ ಬೇರೆ.
ಮಾತಿನ ಅರ್ಥಕ್ಕೆ ನಾನು ಹೋದವನಲ್ಲ,
ಕಾಲು ನೋಡುತ್ತೇನೆ.
ಮೊದಲು ಹೆಬ್ಬೆರಳು ಚಪ್ಪಲಿ ಹುಡುಕುತ್ತದೆ,
ಆಮೇಲೆ ಹಿಮ್ಮಡಿ.
ಹಿಮ್ಮಡಿ ಎದ್ದಿತೆಂದರೆ ಸಭೆ ಮುಗಿಯಿತು,
ಭಾಷಣ ಇನ್ನೂ ಅರ್ಧ ಇದ್ದರೂ.

ಅವತ್ತು ಹಲಗೂರಿನ ಆಚೆ, ಒಂದು ಹಳ್ಳಿಯ ಡೈರಿ ಮುಂದೆ
ಕೆಚ್ಚಲು ಬಾವಿನ ಬಗ್ಗೆ ಮಾಹಿತಿ ಸಭೆ.
ಶಾಮಿಯಾನದಡಿ ತೊಂಬತ್ತು ಹೆಂಗಸರು.
ಮೈಸೂರಿಂದ ಬಂದ ಸಾಹೇಬರು ಮೂರೂವರೆಗೆ ಶುರು ಮಾಡಿ
'ಜಾಗತಿಕ ಹೈನೋದ್ಯಮ' ಅಂದರು,
'ಸೂಕ್ಷ್ಮಾಣುಗಳ ವರ್ಗೀಕರಣ' ಅಂದರು,
ಹಾಳೆ ತಿರುವಿದರು, ನೀರು ಕುಡಿದರು.
ಚಪ್ಪಾಳೆ ಬೀಳಬೇಕಾದ ಜಾಗದಲ್ಲಿ
ಒಂದು ಮಗು ಅತ್ತಿತು.
ದನಿ ಏರಿಸು ಅಂತ ನನಗೆ ಕೈಸನ್ನೆ.
ಏರಿಸಿದೆ. ಕೂಯ್ ಅಂತು.

ಯಾಕಣ್ಣ ಕೂಯ್ ಅನ್ನೋದು ಅಂತ
ನನ್ನ ಹುಡುಗ ಪಾಪಣ್ಣಿ ಕೇಳಿದ್ದ ಒಂದ್ಸಲ.
ಬಾಕ್ಸಿನ ದನಿ ತಿರುಗಿ ಮೈಕಿನ ಕಿವಿಗೇ ಬಿದ್ರೆ
ಹಂಗಾಯ್ತದೆ ಕಣ್ಲಾ,
ತನ್ನ ಮಾತು ತಾನೇ ಕೇಳ್ಕೊಂಡು, ಅದನ್ನೇ ಮತ್ತೆ ಆಡ್ಕೊಂಡು.

ನಾಲ್ಕೂ ಹದಿನೈದು. ಹಿಮ್ಮಡಿಗಳು ಎದ್ದವು.

ಆಮೇಲೆ ದನದ ಡಾಕ್ಟರಮ್ಮ, ತಸ್ಲೀಮಾ.
ಮೈಕ್ ಮುಂದೆ ನಿಂತರು. ಮಾತಾಡಲಿಲ್ಲ.
ನಾನು ವೈರು ಅಲ್ಲಾಡಿಸಿದೆ, ಸ್ವಿಚ್ಚು ತಡವಿದೆ,
ನನ್ನದೇ ತಪ್ಪೇನೋ ಎಂದು ಕುತ್ತಿಗೆಯೆಲ್ಲ ಬೆವರು.
ಅವರು ಕಾಲು ನೋಡುತ್ತಿದ್ದರು!
ನನ್ನ ಕಸುಬು ಕದ್ದವರ ಹಾಗೆ,
ಸಾಲಿಂದ ಸಾಲಿಗೆ.

'ಹಾಲು ಕರೆಯೋ ಹೊತ್ತಾಯ್ತಾ?'
ಅಷ್ಟೇ ಕೇಳಿದ್ದು.
ಹಿಂದಿನ ಸಾಲಿಂದ ಕೆಂಪಾಜಮ್ಮ:
'ಆಗ್ಲೇ ಆಗೋಗದೆ ಕಣವ್ವ. ಕರ ಒದರ್ತಾ ಅದೆ,
ನಿಮ್ಗೆ ಕೇಳ್ಸಾಕಿಲ್ವಾ?'
ಕೇಳಿಸುತ್ತಿರಲಿಲ್ಲ.
ನನ್ನ ನಾಲ್ಕು ಬಾಕ್ಸು ಊರಿನ ಬಾಯಿ ಮುಚ್ಚಿದ್ದವು.
ಡಾಕ್ಟರಮ್ಮ ನನ್ನ ಕಡೆ ತಿರುಗಿದರು: 'ಆರಿಸಿ ಅಣ್ಣ.'
ಆರಿಸಿದೆ.

ಆಗ ಕರು,
ಕಬ್ಬಿನ ಗದ್ದೆಯ ಕಡೆಯಿಂದ ಪಂಪ್‌ಸೆಟ್ಟು,
ಯಾರದೋ ಹಿತ್ತಲಲ್ಲಿ ಉರುಳಿದ ಕ್ಯಾನಿನ ಮುಚ್ಚಳ.

'ನಡೀರಿ, ನಿಮ್ಮ ಕೊಟ್ಟಿಗೆಗೇ ಬರ್ತೀನಿ.'

ಕೆಲಸವಿಲ್ಲದ ನಾನೂ ಹಿಂದೆ ಹೋದೆ.
ಡಾಕ್ಟರಮ್ಮ ಸಗಣಿಯ ಪಕ್ಕ ಕುಕ್ಕರಗಾಲಲ್ಲಿ ಕೂತು
ಕೆಚ್ಚಲಿಗೆ ಅಂಗೈಯಿಟ್ಟು ಕೇಳಿದರು: 'ಯಾವತ್ತಿಂದ ಬಿಸಿ?'
ಕೆಂಪಾಜಮ್ಮ ಯೋಚಿಸಿದಳು. ಡಾಕ್ಟರಮ್ಮ ಕಾದರು.
ಅಷ್ಟು ಹೊತ್ತು ಸದ್ದಿಲ್ಲದಿದ್ದರೆ ನಾನಾಗಿದ್ದರೆ
ಹಲೋ ಹಲೋ ಅಂದುಬಿಡುತ್ತಿದ್ದೆ.

'ಮೊಮ್ಮಗಳಿಗೆ ಹೆಸರಿಟ್ಟ ಮಾರ್ನೇ ದಿನದಿಂದ.
ಎಡಗಡೆ ಹಿಂದ್ಲ ಮೊಲೆ. ಒಂದೊಂದ್ಸಲ ಹಾಲು ಗಡ್ಡೆ ಕಟ್ತದೆ.
ಡೈರಿಯೋರಿಗೆ ಹೇಳ್ನಿಲ್ಲ ಕಣವ್ವ,
ವಾಪಸ್ ಕಳಿಸ್ತಾರೆ ಅಂತ.'
ಬಾಗಿಲಲ್ಲಿ ನಿಂತಿದ್ದ ಮೂವರು ತಲೆ ತಗ್ಗಿಸಿದರು.
'ನಮ್ದೂವೆ' ಅಂದಳು ಒಬ್ಬಳು, ನೆಲಕ್ಕೆ.

ಪಾಠ ಶುರುವಾದದ್ದು ಆಮೇಲೆ.
ನಾಲ್ಕು ಗುಳಿಯ ತಟ್ಟೆ, ಗುಳಿಗೊಂದು ಮೊಲೆಯ ಹಾಲು,
ಅದರ ಮೇಲೆ ಬಗ್ಗಿದ ಏಳೆಂಟು ತಲೆ.
ಸಾಹೇಬರೂ ಬಂದಿದ್ದರು, ಷೂ ಎತ್ತೆತ್ತಿ ಇಡುತ್ತ.
ಹಾಳೆ ಇರಲಿಲ್ಲ ಕೈಯಲ್ಲಿ.
ಹಸುವಿನ ಬಾಲ ಒಂದು ಸಲ ಅವರ ಕನ್ನಡಕಕ್ಕೆ ಬಡಿಯಿತು,
ನಕ್ಕರು.

'ಆರ್ಸಿದ್ದಕ್ಕೂ ಬಾಡಿಗೆ ಕೊಟ್ಟವ್ರಲ್ಲಣ್ಣ'
ವೈರು ಸುತ್ತುತ್ತ ಪಾಪಣ್ಣಿ.
ಉತ್ತರ ಹೇಳಲು ಹೊತ್ತಿರಲಿಲ್ಲ.
ಹಿಂದಿನ ಕೊಟ್ಟಿಗೆಯಲ್ಲಿ ಕೆಂಪಾಜಮ್ಮ ಕರೆಯುತ್ತಿದ್ದಳು,
ಪಾತ್ರೆಗೆ ಜೊರ್, ಜೊರ್, ಜೊರ್,
ನಾಲ್ಕನೆಯದಕ್ಕೆ ಬಂದಾಗ
ನಿಧಾನ.