ನೀರುಗಂಟಿ ಖಲ್ಫಾನ ಹೇಳಿದ್ದು

ಬನ್ನಿ, ಚಪ್ಪಲಿ ಕೈಯಲ್ಲಿ ಹಿಡಿಯಿರಿ, ಕಾಲುವೆ ದಾಟಬೇಕು.
ಇಷ್ಟೇ ಅಗಲ, ಒಂದು ಗೇಣು ಆಳ,
ಇದರ ಮೇಲೆ ಇಡೀ ಊರು ನಿಂತಿದೆ:
ನೂರಾ ಹನ್ನೆರಡು ಮನೆ, ಎಂಟುನೂರು ಖರ್ಜೂರದ ಮರ,
ಒಂದು ಮಸೀದಿ, ಮೂರು ಹಳೆಯ ಜಗಳ.

ಬೆಟ್ಟದ ಹೊಟ್ಟೆಯೊಳಗಿಂದ ಬರುವ ನೀರು.
ತೋಡಿದವರ ಹೆಸರು ಯಾರಿಗೂ ಗೊತ್ತಿಲ್ಲ;
ಪಾಲು ಯಾರದೆಂದು ಮಾತ್ರ ಎಲ್ಲರಿಗೂ ಬಾಯಿಪಾಠ.
ಒಮಾನಿನ ಈ ಬೆಟ್ಟದಲ್ಲಿ ಅರ್ಧ ಗಂಟೆಗೆ ಒಂದು ಅಥರ್ ಅನ್ನುತ್ತೇವೆ.
ಮೌಜಾಳಿಗೆ ಎರಡು, ಹಮ್ದಾನನಿಗೆ ಒಂದೂವರೆ,
ತೀರಿಹೋದ ನಸ್ರಾ ಬರೆದಿಟ್ಟ ಕಾಲು ಅಥರ್
ದಾರಿಹೋಕರ ಹೂಜಿಗೆ.
ಹಗಲು ಕೋಲಿನ ನೆರಳು ಅಳೆಯುತ್ತದೆ,
ರಾತ್ರಿ ಚುಕ್ಕಿ.

ಗುಡ್ಡದ ಮೇಲಿನ ಆ ಮೋಟುಗೋಡೆ ಕಂಡಿತೇ? ಅದರ ಮೂಲೆಗೆ
ಸುರಯ್ಯಾ ತಾಗಿದೊಡನೆ, ಆರು ಚುಕ್ಕಿಯ ಆ ಗೊಂಚಲು,
ನಾನು ಹಮ್ದಾನನ ಬಾಯಿ ಮುಚ್ಚಿ ಮೌಜಾಳದು ತೆರೆಯಬೇಕು.
(ಕಾಲುವೆಯ ಬಾಯಿ. ಹಮ್ದಾನನ ಬಾಯಿ
ಮುಚ್ಚಿಸುವ ನೀರುಗಂಟಿ ಇನ್ನೂ ಹುಟ್ಟಿಲ್ಲ.)

ಮೊದಲು ಬಂದವರು ಇಬ್ಬರು, ಬೆನ್ನಿಗೆ ಚೀಲ.
ಮೌಜಾ ಅವರಿಗೆ ತನ್ನ ಅಟ್ಟದಲ್ಲಿ ಚಾಪೆ ಹಾಸಿದಳು.
ದುಡ್ಡು ಬೇಡವೆಂದಳು; ಅವರು ದಿಂಬಿನಡಿ ಇಟ್ಟು ಹೋದರು.
ಆ ದುಡ್ಡಲ್ಲಿ ಸೂರಿನ ಗೆದ್ದಲು ಹಿಡಿದ ತೊಲೆ ಬದಲಾಯಿತು.
ಆಮೇಲೆ ಆರು ಜನ. ಆಮೇಲೆ ಅರವತ್ತು.
ಹಮ್ದಾನ ಬಿದ್ದ ಮನೆ ಮೂರು ಎತ್ತಿಸಿದ,
ಸುಳ್ಳು ಹೇಳಬಾರದು, ಮಣ್ಣಲ್ಲೇ, ಸಿಮೆಂಟು ಮುಟ್ಟಲಿಲ್ಲ.
ಪ್ರತಿ ಕೋಣೆಗೂ ಒಂದು ಶವರ್ ಮಾತ್ರ ಜೋಡಿಸಿದ.
ಆ ವರ್ಷ ಕೆಳತೋಟದ ನಿಂಬೆ
ಹೂ ಬಿಟ್ಟಿತು, ಕಾಯಿ ಹಿಡಿಯಲಿಲ್ಲ.

ಮತ್ತೆ ಪಟ್ಟಣದ ಅಧಿಕಾರಿಗಳು ಬಂದು
ಮೋಟುಗೋಡೆಗೆ ಹದಿನಾಲ್ಕು ದೀಪ ಹಾಕಿಸಿದರು.
ಚೆನ್ನಾಗಿತ್ತು. ನಾನೂ ಮೊಮ್ಮಗಳನ್ನು ಹೆಗಲಿಗೇರಿಸಿ ತೋರಿಸಿದೆ.
ಗೋಡೆ ಹೊನ್ನಾಯಿತು,
ಮೇಲಿನ ಆಕಾಶ ಉಜ್ಜಿ ತೊಳೆದ ಹಂಚಿನಂತೆ ಬರಿದಾಯಿತು.
ನಡುರಾತ್ರಿ ಗುದ್ದಲಿ ಹಿಡಿದು ಕತ್ತೆತ್ತಿದರೆ
ಸುರಯ್ಯಾ ಇಲ್ಲ.
ಐವತ್ತು ವರ್ಷದಲ್ಲಿ ಒಮ್ಮೆಯೂ ಕೈಕೊಡದವಳು.

ಗಡಿಯಾರ ನೋಡು ಎಂದರು. ನನ್ನಲ್ಲೂ ಇದೆ,
ಅಳಿಯ ನಿಜ್ವಾದ ಸಂತೆಯಲ್ಲಿ ಕೊಂಡದ್ದು.
ಹಮ್ದಾನನ ಬಳಿ ಒಂದಿದೆ, ಮೌಜಾಳ ಬಳಿ ಒಂದಿದೆ,
ಮೂರೂ ಮೂರು ದಾರಿ.
ಚುಕ್ಕಿ ಒಂದೇ ಇತ್ತು. ಅದು ತಪ್ಪೆಂದು ಯಾರೂ
ಮೊಕದ್ದಮೆ ಹೂಡಿರಲಿಲ್ಲ.

ಸಭೆ ಸೇರಿತು, ಕಾಫಿ ಮೂರು ಸುತ್ತು ಬಂತು.
ದೀಪ ಆರಿಸಿದರೆ ಜನ ಬರುವುದಿಲ್ಲ ಅಂದ ಹಮ್ದಾನ.
ಜನ ಬಂದರೆ ನೀರು ಬರುವುದಿಲ್ಲ ಅಂದರು ಕೆಳತೋಟದವರು.
ಬಾಗಿಲಲ್ಲಿ ನಿಂತ ಮೌಜಾ, ಕೈಯಲ್ಲಿ ಇನ್ನೂ ಹಿಟ್ಟು:
‘ಬಂದವರಿಗೂ ಸರದಿ ಹಾಕಿ.
ಬಾಡಿಗೆಯಲ್ಲಿ ಅವರೂ ಪಾಲು ಕೊಳ್ಳಲಿ,
ಪಾಲು ಮುಗಿದರೆ ನನ್ನ ಹಾಗೆ ತಂಬಿಗೆಯಲ್ಲಿ ಮೀಯಲಿ.
ದೀಪ ರಾತ್ರಿಯ ನಮಾಜಿನವರೆಗೆ ಉರಿಯಲಿ,
ಆಮೇಲೆ ನಮ್ಮ ಕತ್ತಲೆ ನಮಗೆ.’

ಕೋಣೆ ಎಷ್ಟಿರಬೇಕು? ನೀರು ಎಷ್ಟೋ ಅಷ್ಟು.
ಬೆರಳು ಮಡಿಚಿ ಮಡಿಚಿ ಒಂಬತ್ತಕ್ಕೆ ನಿಂತಿತು.
ಹಮ್ದಾನ ಹದಿನೈದು ಎಂದುಕೊಂಡಿದ್ದ;
ಹನ್ನೊಂದು ತಿಂಗಳು ನನ್ನೊಡನೆ ಮಾತು ಬಿಟ್ಟ.
ಹಾಗಾಗಿ, ಆಗಲೇ ಅಂದೆನಲ್ಲ, ಆ ಮಾತು ಹಿಂತೆಗೆದುಕೊಳ್ಳುತ್ತೇನೆ.

ನಿಮ್ಮ ಕೋಣೆಯ ಸರದಿ ಇವತ್ತು
ಸುರಯ್ಯಾ ಗೋಡೆಗೆ ತಾಗುವ ಹೊತ್ತಿಗೆ.
ಎದ್ದರೆ ನೀರು, ಮಲಗಿದರೆ ಕನಸು.
ಬೈದು ಬರೆದು ಹೋದವರೂ ಇದ್ದಾರೆ.

ಹೋದ ವಾರ ಒಬ್ಬಾಕೆ, ಯಾವ ದೇಶದವಳೋ,
ಕಂಬಳಿ ಹೊದ್ದು ಎದ್ದು ಬಂದಳು. ಗುದ್ದಲಿ ಕೈಗೆ ಕೊಟ್ಟೆ.
ಚಿಂದಿ ಬಟ್ಟೆ ಎಳೆದು ಕಲ್ಲು ಸರಿಸಿದಳು,
ನೀರು ಮೈ ತಿರುಗಿಸಿದ್ದನ್ನು ನೋಡುತ್ತ ಸ್ನಾನವನ್ನೇ ಮರೆತಳು.
ಎಲ್ಲಿಗೆ ಹೋಗುತ್ತದೆ ಇದು, ಎಂದು ಕೈಸನ್ನೆ.
ಕೆಳಗೆ ತೋರಿಸಿದೆ, ನಿಂಬೆಯ ಕಡೆಗೆ.
ಈ ಸಲ ಕಾಯಿ ಹಿಡಿದಿದೆಯೋ ಇಲ್ಲವೋ,
ಅಷ್ಟು ಕತ್ತಲಲ್ಲಿ
ನನಗೂ ಕಾಣಲಿಲ್ಲ.