ಹಾಳೆಗೆ ಮೂವತ್ತು

ಶಿಡ್ಲಘಟ್ಟದ ಗೂಡಿನ ಮಾರ್ಕೆಟ್ಟಿನ ಎದುರು
ಜೆರಾಕ್ಸ್ ಅಂಗಡಿಯ ಮೆಟ್ಟಿಲೇ ನನ್ನ ಕಚೇರಿ.
ಒಂದು ಟೈಪ್‌ರೈಟರು, ‘ಳ’ ಕೀಲಿ ಜಡ.
ಒಂದು ನಿಘಂಟು, ಮೊದಲ ತೊಂಬತ್ತು ಪುಟ
ಯಾವ ಇಲಿಯ ಹೊಟ್ಟೆಯಲ್ಲೋ.
ಈಗದು ‘ಆಹುತಿ’ಯಿಂದ ಶುರು.
ಹಾಳೆಗೆ ಮೂವತ್ತು, ತಿದ್ದುವುದು ಉಚಿತ.

ಇಪ್ಪತ್ತೆರಡು ವರ್ಷ ಇಲ್ಲೇ ಕೂತು ಬಡಿದಿದ್ದೇನೆ:
ಮಹಾಸ್ವಾಮಿ, ಖಾವಂದರು, ತಮ್ಮ ಪಾದಸನ್ನಿಧಿಗೆ.
ಈಗ ಬರೀ ಮಾನ್ಯರೇ.
ಮೇಲೆ ಕೂತವರ ಹೆಸರು ಬದಲಾಯಿತು.
ಹಾಳೆಯ ಎಡಕ್ಕೆ ಬಿಡುವ ಜಾಗ ಹಾಗೇ ಇದೆ.

ಸಂಜೆ ಆರಕ್ಕೆ ಗಂಗುಲಮ್ಮ ಬಂದಳು.
ಬೆರಳ ತುದಿ ಬೆಂದು, ಬಿಳಿಚಿ, ಸುಕ್ಕುಗಟ್ಟಿ,
ಸೀರೆಯಲ್ಲಿ ಸತ್ತ ಹುಳದ ವಾಸನೆ,
ಕೈಯಲ್ಲಿ ಎರಡು ಕಾಗದ.
ಒಂದು, ಕಾರ್ಮಿಕ ಕಾರ್ಡಿನ ಅರ್ಜಿ.
ಇನ್ನೊಂದು ಮಗಳು ರೋಜಾಳದು, ಏಳನೇ ಕ್ಲಾಸು:
‘ಸಾರ್ವಭೌಮ. ಅರ್ಥ ಮತ್ತು ಮೂಲ ಬರೆಯಿರಿ.’
“ದಿನಾ ಪ್ರೇಯರ್‌ನಾಗೆ ಓದ್ಸ್ತಾರಂತೆ ಸ್ವಾಮಿ, ಪೀಠಿಕೆ ಅಂತ.
ಬಾಯಿಗೆ ಬಂದದೆ. ತಲೆಗೆ ಬಂದಿಲ್ಲ.”

ಸರ್ವ ಅಂದರೆ ಎಲ್ಲ. ಭೂಮಿ ಅಂದರೆ ಭೂಮಿ.
ಅಷ್ಟಕ್ಕೇ ಬಿಟ್ಟಿದ್ದರೆ ಎಲ್ಲರದೂ ಆಗುತ್ತಿತ್ತೇನೋ.
ಸಂಸ್ಕೃತಕ್ಕೊಂದು ಚಾಳಿ:
ಯಾರದೋ ಮಗನಾಗಬೇಕಾದರೂ
ಯಾವುದರದೋ ದೊರೆಯಾಗಬೇಕಾದರೂ
ಮೊದಲ ಅಕ್ಷರ ಉಬ್ಬಿಸಬೇಕು.
ಸರ್ವ ಉಬ್ಬಿ ಸಾರ್ವ, ಭೂಮಿ ಉಬ್ಬಿ ಭೌಮ,
ನಡುವೆ ಒಬ್ಬ ಕಾಲು ಚಾಚಿ ಕೂತ.

ಕೆಳಗೆ ಇನ್ನೊಂದು ಅರ್ಥ, ಇರುವೆಯಷ್ಟು ಅಕ್ಷರದಲ್ಲಿ:
ಉತ್ತರ ದಿಕ್ಕಿನ ಆನೆ.
ನೆಲ ಹೊತ್ತು ನಿಂತ ಎಂಟರಲ್ಲಿ ಒಂದು.
“ಆನೆಯಾ?” ಅಂದಳು ಗಂಗುಲಮ್ಮ.
“ಅದ್ಕೆ ಮೇವು ಯಾರು ಹಾಕ್ತಾರೆ?”
ನಿಘಂಟಿನಲ್ಲಿ ಅದಿರಲಿಲ್ಲ.

ಒಳಗಿಂದ ಬಾಬಾಜಾನ್ ಕೂಗಿದ:
“ಸರ್ಕಾರ್ ಅಂತ ಬರ್ದು ಬಿಸಾಕಿ ಮೇಷ್ಟ್ರೇ.
ಸರ್ ಅಂದ್ರೆ ತಲೆ, ಕಾರ್ ಅಂದ್ರೆ ಕೆಲಸ,
ನಮ್ಮಜ್ಜ ಹೇಳೋರು.”
ಯಂತ್ರದ ಹಸಿರು ಬೆಳಕು ಅವನ ಗಡ್ಡದ ಮೇಲೆ ಹಾದು ಹೋಯಿತು.
ಮತ್ತೆ ತಲೆ. ಮತ್ತೆ ಅದರ ಮೇಲೊಂದು ಹೊರೆ.

ಕನ್ನಡದ್ದೂ ಒಂದಿರಲಿ ಎಂದು
‘ಅರಸು’ವಿಗೆ ಪುಟ ತಿರುವಿದೆ.
ಇಲಿ ತಿಂದ ಭಾಗ.
“ಅರಸು ಸಿಗ್ತಿಲ್ಲ” ಅಂದೆ.

ಅವಳು ನಕ್ಕಳು.
“ನಮ್ಗೆ ದಿನಾ ಅದೇ ಕೆಲ್ಸ.
ಕುದಿಯೋ ನೀರ್ಗೆ ಕೈ ಬಿಟ್ಟು
ಗೂಡು ಉರುಳ್ಸಿ ಉರುಳ್ಸಿ ಎಳೆ ತುದಿ ಅರಸ್ಬೇಕು.
ಕೊಡಲ್ಲ ಅಂತದೆ ಗೂಡು. ಬಿಡಬಾರ್ದು. ದೊರೀತದೆ.”
ಪೇಟೆಯಲ್ಲಿ ಯಾರೂ ಆಡದ ಮಾತು,
ಅವಳ ಅಜ್ಜಿಯದಿರಬೇಕು.
ಅರಸನನ್ನೂ ದೊರೆಯನ್ನೂ ಒಂದೇ ಉಸಿರಿಗೆ
ಬಿಸಿನೀರಿಗೆ ಹಾಕಿ
ಸಂಚಿಯಿಂದ ಎಲೆ ತೆಗೆದು ಸುಣ್ಣ ಸವರತೊಡಗಿದಳು.

ರೋಜಾಳ ಹಾಳೆಗೆ ಅಷ್ಟನ್ನೂ ಬಡಿದೆ, ಆನೆ ಸಮೇತ.
‘ಮೂಲ’ದ ಮುಂದೆ ಎರಡು ಸಾಲು ಖಾಲಿ ಬಿಟ್ಟೆ.
ಅವಳೇ ಅರಸಲಿ.

ಆಮೇಲೆ ಅರ್ಜಿ.
ಹೆಸರು. ಗಂಡನ ಹೆಸರು. ವಯಸ್ಸು, ಅಂದಾಜು.
ವೃತ್ತಿ?
“ಆಳು ಅಂತ ಹಾಕಿ.”

ಅದಕ್ಕೆ ಪುಟ ಹುಡುಕಬೇಕಾಗಿರಲಿಲ್ಲ.
ಹರಿದ ಅಂಚಿನಲ್ಲೇ, ಆಹುತಿಯಿಂದ ನಾಲ್ಕು ಬೆರಳು ಕೆಳಗೆ:
ಆಳು, ನಾಮಪದ. ಕೂಲಿಯವರು, ಸೇವಕರು.
ಆಳು, ಕ್ರಿಯಾಪದ. ದೊರೆತನ ನಡೆಸು.
ಅದೇ ಎರಡು ಅಕ್ಷರ. ಒತ್ತಿಲ್ಲ, ಉಬ್ಬಿಲ್ಲ.
ಯಾವುದು ಯಾವುದೆಂದು ಗುರುತಿಸಲು
ವಾಕ್ಯ ಮುಗಿಯುವ ತನಕ ಕಾಯಬೇಕು.

‘ಳ’ ಕಚ್ಚಿಕೊಂಡಿತು.
ಎರಡು ಸಲ ಬಡಿದೆ.
ಹಾಳೆಯ ಬೆನ್ನಿಗೂ ಮೂಡಿತು,
ಕುರುಡರೂ ಸವರಿ ಓದುವಷ್ಟು.

“ಮಗಳ ಹಾಳೆಗೆ ಬೇಡಮ್ಮ” ಅಂದೆ.
“ಯಾಕ್ ಬೇಡ?” ಅಂದಳು.
ಅರವತ್ತು ಎಣಿಸಿದಳು, ಹತ್ತು ಹತ್ತಾಗಿ.
ನನ್ನನ್ನೂ ಎಣಿಸಲು ಹೇಳಿ, ಎಣಿಸುವವರೆಗೆ ನಿಂತಿದ್ದಳು.

ನೋಟುಗಳು ಒದ್ದೆ.
ಆರಲೆಂದು ನಿಘಂಟು ತೆರೆದು
ಆ ಹರಿದ ಪುಟದ ಮೇಲೇ ಹರಡಿದೆ.