ಹತ್ತನೆಯ ಕಿಟಕಿ

ನಾರಿಚ್ ಊರಿನಲ್ಲಿ ನಾನು ಕಟ್ಟಿದ್ದಕ್ಕಿಂತ
ಮುಚ್ಚಿದ್ದೇ ಹೆಚ್ಚು.
ಒಂಬತ್ತು ಕಿಟಕಿಯವರೆಗೆ ದೊರೆ ಕೇಳುವುದಿಲ್ಲ.
ಹತ್ತನೆಯದು ಕಣ್ಣು ಬಿಟ್ಟಿತೋ
ಹತ್ತಕ್ಕೂ ಲೆಕ್ಕ.
ತೆರಿಗೆ ಗಾಜಿಗಂತೆ. ಅಲ್ಲ,
ಗಾಜಿನಾಚೆಯಿಂದ ಬಿಟ್ಟಿ ಬರುತ್ತದಲ್ಲ, ಅದಕ್ಕೆ.

ಆ ಮಾರ್ಚಿಯಲ್ಲಿ ಎರಡು ಮನೆ, ಎದುರುಬದುರು.

ವಿಧವೆ ಲಬಕ್ ಅಮ್ಮ ಹಾಡಹಗಲೇ ಕರೆಸಿದರು,
ಕೈಯಲ್ಲಿ ಕಾನೂನಿನ ಕಾಗದ.
ಬೆರಳಿಟ್ಟು ಓದಿದರು: ಇಟ್ಟಿಗೆ, ಕಲ್ಲು, ಇಲ್ಲವೇ ಗಾರೆ.
"ಥರ್ಕೆಟಲ್, ಸುಣ್ಣದಲ್ಲಿ ಜಿಪುಣತನ ಬೇಡ.
ಮತ್ತೆ ತೆರೆಯುವ ದಿನ ಬಂದರೆ
ಅವರಿಗೆ ಹೇಳಿಯೇ ತೆರೆಸುತ್ತೇನೆ."
ಮುಚ್ಚುವುದಿತ್ತು ಅಲ್ಲಿ, ಮುಚ್ಚುಮರೆ ಇರಲಿಲ್ಲ.

ಉಣ್ಣೆ ವ್ಯಾಪಾರಿ ಬ್ಲೈತ್ ಕರೆಸಿದ್ದು
ದೀಪ ಹಚ್ಚಿದ ಮೇಲೆ, ಹಿತ್ತಲ ಬಾಗಿಲಿಗೆ.
"ನಾಲ್ಕು ಕಿಟಕಿ. ಸುಣ್ಣ ಬೇಡವೇ ಬೇಡ.
ಇಟ್ಟಿಗೆಯ ಮೇಲೆ ಇಟ್ಟಿಗೆ ಸುಮ್ಮನೆ ಪೇರಿಸು,
ಸಂದಿಗೆ ಜೇಡಿ ಮೆತ್ತು, ದೂರಕ್ಕೆ ಗಾರೆ ಅನ್ನಿಸಬೇಕು.
ಎಣಿಸುವವನು ಸೇತುವೆ ದಾಟಿದ ಮೇಲೆ ಬಂದು ಬಿಚ್ಚು.
ಹಾಕಲೊಂದು ಕೂಲಿ, ತೆಗೆಯಲೊಂದು ಕೂಲಿ."
ಮೇಲೊಂದು ಜಾಡಿ ಹಾಲೆಂಡಿನ ಜಿನ್,
ಅಮಾವಾಸ್ಯೆಯಲ್ಲಿ ದಡ ಹತ್ತಿದ್ದು,
ಸುಂಕದ ಕಟ್ಟೆಯ ಮುಖವನ್ನೇ ಕಾಣದ್ದು.
ಕುಡಿದೆ. ಸುಳ್ಳು ಯಾಕೆ, ಚೆನ್ನಾಗಿತ್ತು.

ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ ಅನ್ನುತ್ತಾರೆ.
ಲಬಕ್ ಅಮ್ಮ ಸುಣ್ಣ ಹಾಕಿಸಿದ್ದು
ಸ್ವಂತ ಮನೆಯ ಕಣ್ಣಿಗೆ.
ಬ್ಲೈತ್ ಮಣ್ಣೆರಚಿದ್ದು ದೊರೆಯ ಕಣ್ಣಿಗೆ.
ಬೀದಿಯಲ್ಲಿ ನಿಂತರೆ ಎರಡೂ ಗೋಡೆಯೇ, ಎರಡೂ ಕೆಂಪು.
ವ್ಯತ್ಯಾಸವೆಲ್ಲ ಇಟ್ಟಿಗೆ ಇಟ್ಟಿಗೆಯ ನಡುವೆ,
ನನ್ನ ಕಿರುಬೆರಳಿನಷ್ಟು ದಪ್ಪ.

ಎಣಿಸುವ ಸ್ಪಿಂಕ್ ಬಂದ ದಿನ
ರಾತ್ರಿಯಿಡೀ ಸುರಿದು ಬೆಳಗಾಗಿತ್ತು.
ಬ್ಲೈತನ ಗೋಡೆಯ ಮೇಲೆ ಜೇಡಿ ಇಳಿದಿತ್ತು,
ಅತ್ತ ಮುಖಕ್ಕೆ ಕಾಡಿಗೆ ಇಳಿದ ಹಾಗೆ.
ಸ್ಪಿಂಕ್ ಕೋಲಿನಿಂದ ತಿವಿದ, ಮೆಲ್ಲಗೆ,
ಬಾಣಲೆಯ ದೋಸೆ ಬೆಂದಿದೆಯೇ ನೋಡುವವರ ಹಾಗೆ.
ಇಟ್ಟಿಗೆ ಒಳಗೆ ಬಿತ್ತು.
ಒಳಗಿನಿಂದ ಯಾವುದೋ ಪಿಂಗಾಣಿ ಕೂಗಿತು.
ಕಿಟಕಿಗೆ ಇಪ್ಪತ್ತು ಶಿಲ್ಲಿಂಗ್ ದಂಡ, ಬಾಕಿ ಬೇರೆ.

ಬೀದಿ ದಾಟಿ ಇತ್ತಲೂ ತಿವಿದ. ಕೋಲು ಬಾಗಿತು.
ಲಬಕ್ ಅಮ್ಮನಿಗೆ ಟೋಪಿ ತೆಗೆದು ವಂದಿಸಿದ,
ಆಚೆ ಮನೆಯಲ್ಲಿ ಟೋಪಿ ಹಾಕಿಸಿಕೊಳ್ಳಬೇಕಿದ್ದವನು.
ಒಂಬತ್ತು ಎಂದು ಬರೆದುಕೊಂಡ.
ನ್ಯಾಯವೇ. ನಾನೂ ಹೌದೆಂದೆ.

ಆದರೆ ಹೇಳದೆ ಬಿಟ್ಟದ್ದೊಂದಿದೆ.

ಹತ್ತರಲ್ಲಿ ಯಾವುದಮ್ಮ ಮುಚ್ಚಲಿ ಎಂದು ಕೇಳಿದಾಗ
ಅವರು ತಡವರಿಸಲಿಲ್ಲ. "ಅಟ್ಟದ್ದು."
ಅಟ್ಟದಲ್ಲಿ ಮಲಗುವವಳು ಕೆಜಾಯ,
ಹದಿಮೂರರ ಕೆಲಸದ ಹುಡುಗಿ.
ತನ್ನ ಕಿಟಕಿಗೆ ಇಟ್ಟಿಗೆ ತಾನೇ ಹೊತ್ತು ತಂದಳು,
ಮೂರು ಮೆಟ್ಟಿಲ ಸಾಲು, ಬುಟ್ಟಿಗೆ ಆರರಂತೆ.
ಬೇಡ ಅನ್ನಲಿಲ್ಲ. ಇಷ್ಟೇ ಕೇಳಿದಳು:
"ಬೆಳಗಾದದ್ದು ನನಗೆ ಹೇಗೆ ಗೊತ್ತಾಗಬೇಕು?"

ಕಾನೂನು ಮುರಿದವನು ಬೆಳ್ಳಿಯಲ್ಲಿ ಕಟ್ಟಿದ.
ಮುರಿಯದವರ ಬಾಬತ್ತು ಈ ಹುಡುಗಿಯ ಮೇಲೆ ಬಂತು,
ಅವಳು ಹಗಲಿನಲ್ಲಿ ಕಟ್ಟಿದಳು.
ಯಾವ ಕಾಗದದಲ್ಲೂ ಅದಕ್ಕೆ ಕಲಮು ಇಲ್ಲ.

ಕರಣೆ ಹಿಡಿದು ಸ್ವಲ್ಪ ಹೊತ್ತು ನಿಂತೆ.
ಆಮೇಲೆ ಎಲ್ಲ ಇಟ್ಟಿಗೆಗೂ ಸುಣ್ಣ ಕೊಟ್ಟೆ,
ಅವಳ ದಿಂಬಿನ ಎತ್ತರದ ಒಂದಕ್ಕೆ ಮಾತ್ರ
ಅಂಚಿನಲ್ಲಿ ಸವರಿ, ಒಳಗೆ ಒಣಗಲು ಬಿಟ್ಟೆ.
ಕೈ ಎತ್ತಿ ತೋರಿಸಲಿಲ್ಲ. ಅವಳು ನೋಡುತ್ತಿದ್ದಳು.

ಸ್ಪಿಂಕನ ಕೋಲು ಅಷ್ಟು ಎತ್ತರ ಮುಟ್ಟಲಿಲ್ಲ.

ಒಂದು ಇಟ್ಟಿಗೆಯಷ್ಟು ತೂತು ಕಿಟಕಿಯೋ ಅಲ್ಲವೋ
ವಕೀಲರು ವರ್ಷಗಟ್ಟಲೆ ಜಗಳಾಡಬಹುದು.
ಅವಳು ಅದನ್ನು ಎಂದಾದರೂ ಎಳೆದಳೋ, ಗೊತ್ತಿಲ್ಲ.
ಈಗಲೂ ಚಳಿಗಾಲದ ಬೆಳಿಗ್ಗೆ ಆ ಬೀದಿ ಹಾಯುವಾಗ
ಕುತ್ತಿಗೆ ತಾನಾಗಿ ಮೇಲೆತ್ತುತ್ತದೆ,
ಗೋಡೆಯಲ್ಲಿ ಕೆಂಪಲ್ಲದ್ದೇನಾದರೂ ಇದೆಯೇ ಎಂದು.